ನಾನು ಮಾತು ನಿಲ್ಲಿಸಿದರೆ ಕರೆಯಿರಿ

ಒಂದು ಬೆಳಿಗ್ಗೆ ಕೈ ತೊಳೆಯುತ್ತಿರುವಾಗ ಆ ಕೈಗಳು ನನ್ನವಲ್ಲ ಅನಿಸಿತು. ಹೆರಿಗೆಗೆ ಮುಂಚೆ ಮೊಣಕೈವರೆಗೆ ಸಾಬೂನು ಹಚ್ಚಿ, ಉಗುರಿನ ಸಂದಿಗೆ ಬ್ರಶ್ ಹಾಕಿ ತಿಕ್ಕುವುದು ನಮಗೆ ತರಬೇತಿಯ ಮೊದಲ ವಾರವೇ ಕಲಿಸಿದ ಪಾಠ. ಆ ದಿನವೂ ಬ್ರಶ್ ಸರಿಯಾಗಿಯೇ ಓಡುತ್ತಿತ್ತು. ನೀರು ತಣ್ಣಗಿದೆ ಎಂದೂ ಗೊತ್ತಾಗುತ್ತಿತ್ತು. ಆದರೆ ಆ ತಂಪು ತಾಗಿದ್ದು ಯಾರಿಗೆ ಎಂದು ತಿಳಿಯುತ್ತಿರಲಿಲ್ಲ. ಯಾರೋ ಒಬ್ಬ ಹೆಂಗಸು ಕೈ ತೊಳೆಯುತ್ತಿದ್ದಾಳೆ, ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೇನೆ, ಅಷ್ಟೆ.

ತಲೆಯೆತ್ತಿ ಅಂಗಳ ನೋಡಿದೆ. ಪುತ್ತೂರಿನ ಫೋಟೋ ಸ್ಟುಡಿಯೋದಲ್ಲಿ ಕುರ್ಚಿಯ ಹಿಂದೆ ಬಣ್ಣದಲ್ಲಿ ಬರೆದ ತೋಟದ ಪರದೆ ಇರುತ್ತಿತ್ತಲ್ಲ, ಹಾಗೆ ಕಂಡಿತು. ಹಲಸಿನ ಮರ, ಬಾವಿಕಟ್ಟೆ, ಬಟ್ಟೆ ಹಿಂಡುತ್ತಿದ್ದ ಆಯಾ, ಎಲ್ಲವೂ ಇದ್ದಲ್ಲೇ ಇದ್ದವು. ಒಂದಕ್ಕೂ ಆಳವಿರಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು ಅವು. ನಾನು ಗುತ್ತಿಗಾರಿನ ಕಡೆ ಒಂದು ಸಣ್ಣ ಹೆರಿಗೆ ಕೇಂದ್ರದಲ್ಲಿ ಮಿಡ್‌ವೈಫ್ ಆಗಿದ್ದೆ. ಹೆಂಚಿನ ಮಾಡಿನ ಎರಡು ಕೋಣೆ, ಒಬ್ಬಳು ಆಯಾ, ಒಂದು ಸ್ಟೌ, ಒಂದು ಚರ್ಮದ ಚೀಲ. ಹೆಚ್ಚಿನ ಹೆರಿಗೆಗಳು ಮನೆಗಳಲ್ಲೇ ಆಗುತ್ತಿದ್ದವು. ಕಾಡಿನಂಚಿನ ದಾರಿಯಲ್ಲಿ ಮೈಲುಗಟ್ಟಲೆ ನಡೆದು ಹೋಗುವುದು ಕೆಲಸದ ಅರ್ಧ ಭಾಗ. ಆನೆ ಇಳಿದ ಸುದ್ದಿ ಬಂದರೆ ಮನೆಯವರು ತಮಟೆ ಹಿಡಿದು ಎದುರುಗೊಳ್ಳಲು ಬರುತ್ತಿದ್ದರು. ನನಗೆ ಆ ಕೆಲಸ ಚೆನ್ನಾಗಿ ಬರುತ್ತಿತ್ತು. ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ.

ಆ ಬೆಳಗಿಗೆ ಕೆಲವು ವಾರ ಮೊದಲು ಒಬ್ಬ ಬಾಣಂತಿ ನನ್ನ ಕೈಯಡಿಯಲ್ಲೇ ತೀರಿಕೊಂಡಿದ್ದಳು. ಮಗು ಚೆನ್ನಾಗಿತ್ತು. ಕಸ, ಅಂದರೆ ಮಾಸು, ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಗಲಿಲ್ಲ, ರಕ್ತ ನಿಲ್ಲಲಿಲ್ಲ. ಇಂಜೆಕ್ಷನ್ ಕೊಟ್ಟೆ, ತಿಕ್ಕಿದೆ, ಕಡೆಗೆ ಮುಷ್ಟಿಯಿಂದ ಒಳಗೂ ಹೊರಗೂ ಒತ್ತಿ ಹಿಡಿದೆ. ಹತ್ತಿರದ ಎಸ್ಟೇಟಿನವರು ಜೀಪು ಕೊಟ್ಟರು. ಪುತ್ತೂರು ಆಸ್ಪತ್ರೆಯವರೆಗೆ ಆ ದಾರಿಯಲ್ಲಿ ನನ್ನ ಕೈ ಹಾಗೆಯೇ ಇತ್ತು. ಆಸ್ಪತ್ರೆಯ ಲೇಡಿ ಡಾಕ್ಟರು ಜೀಪಿನೊಳಗೇ ನೋಡಿ, "ಕೈ ತೆಗಿ, ಮುಗಿದಿದೆ" ಎಂದರು. ಮಾಡಬೇಕಾದ್ದನ್ನೆಲ್ಲ ನಾನು ಮಾಡಿದ್ದೆ ಎಂದು ಅವರೇ ಆ ಮನೆಯವರಿಗೆ ಹೇಳಿದರು. ನನಗೂ ಅದು ಗೊತ್ತಿತ್ತು. ಮರುದಿನ ಕೇಂದ್ರಕ್ಕೆ ವಾಪಸು ಬಂದು ಕೆಲಸ ಶುರುಮಾಡಿದೆ. ಅಳು ಬರಲಿಲ್ಲ. ಬರದಿದ್ದುದನ್ನು ಧೈರ್ಯ ಎಂದುಕೊಂಡಿದ್ದೆ.

ಕೈ ತೊಳೆದ ಆ ಬೆಳಗಿನ ಹೆರಿಗೆ ಸುಸೂತ್ರವಾಯಿತು. ನನ್ನ ಸ್ಥಿತಿ ಮಾತ್ರ ಸಂಜೆಗೂ ಸರಿಹೋಗಲಿಲ್ಲ, ಮರುದಿನವೂ ಇಲ್ಲ. ನನ್ನ ಸ್ವರ ಪಕ್ಕದ ಕೋಣೆಯಿಂದ ಕೇಳುತ್ತಿತ್ತು. ಊಟದ ರುಚಿ ತಿಳಿಯುತ್ತಿತ್ತು, ಊಟ ಮಾಡಿದ ಹಾಗೆ ಅನಿಸುತ್ತಿರಲಿಲ್ಲ. ನಾನು ಪರೀಕ್ಷೆಗಳಿಗೆ ಇಳಿದೆ. ತೋಳು ಚಿವುಟುವುದು, ಕನ್ನಡಿಯ ಮುಂದೆ ನಿಂತು ಹೆಸರು ಹೇಳುವುದು, ಸೂಜಿಯ ತುದಿ ಬೆರಳಿಗೆ ತಾಗಿಸಿ ನೋಡುವುದು. ನೋವು ಆಗುತ್ತಿತ್ತು. ಆದರೆ ಪ್ರತಿ ಪರೀಕ್ಷೆಯ ನಂತರ ಕನ್ನಡಿಯ ಮುಖ ಇನ್ನಷ್ಟು ಅಪರಿಚಿತವಾಗುತ್ತಿತ್ತು.

ಆಯಾ ಕಣ್ಣಿಟ್ಟಿದ್ದಳು. ಒಂದು ದಿನ ಗಂಜಿ ಬಡಿಸುತ್ತಾ, "ಎಂತ ನರ್ಸಮ್ಮ, ನಿಮ್ಮ ಕೈ ನೀವು ಎಷ್ಟು ನೋಡುದು? ಸುಟ್ಟಿದೆಯಾ?" ಎಂದಳು.

"ಇಲ್ಲ."

"ಮತ್ತೆ?"

"ಎಂತದೂ ಇಲ್ಲ." ಬೇರೆ ಏನೆಂದು ಹೇಳಲಿ? ಈ ಕೈ ನನ್ನದಲ್ಲ ಎಂದು ಮಿಡ್‌ವೈಫ್ ಒಬ್ಬಳು ಬಾಯಿಬಿಟ್ಟರೆ ಮರುದಿನದಿಂದ ಯಾವ ಮನೆಯವರು ಕರೆದಾರು? ಮರುಳು ಎಂಬ ಒಂದು ಶಬ್ದ ಸಾಕು, ಗುಡ್ಡ ಹತ್ತಿ ಇಳಿದು ಊರೆಲ್ಲ ಸುತ್ತುತ್ತದೆ.

ರಜೆ ಹಾಕಿ ಆಲಂಕಾರಿನ ನನ್ನ ತಾಯಿಮನೆಗೆ ಹೋದೆ. ಅಮ್ಮನಿಗೆ ಮಾತ್ರ ಹೇಳಿದೆ. ಅವಳು ಕೇಳಿ ಮುಗಿಸುವ ಮೊದಲೇ ತೀರ್ಮಾನಿಸಿದಳು. "ಸತ್ತವಳ ಉಪದ್ರ ಇದು. ನೀನು ಆ ಹೆಂಗಸಿನ ಮೈ ಬಿಡದೆ ಹಿಡಿದಿದ್ದೀಯಲ್ಲ ಮಾರಾಯ್ತಿ, ಈಗ ಅವಳು ನಿನ್ನನ್ನು ಬಿಡುದಿಲ್ಲ." ಪ್ರಶ್ನೆ ಇಟ್ಟು ಕಾರಣ ಹೇಳುವ ಜೋಯಿಸರ ಹತ್ತಿರ ಕರೆದುಕೊಂಡು ಹೋದಳು. ಅವರು ಅಕ್ಕಿ ಚೆಲ್ಲಿ, ಎಣಿಸಿ, ಒಂದು ನೂಲು ಮಂತ್ರಿಸಿ ಕೊಟ್ಟರು. ಅಮ್ಮನ ಸಮಾಧಾನಕ್ಕೆ ತೋಳಿಗೆ ಕಟ್ಟಿಸಿಕೊಂಡೆ. ಆ ನೂಲು ಯಾರದೋ ತೋಳಿಗೆ ಕಟ್ಟಿದ ಹಾಗಿತ್ತು. ಆದರೆ ಅಮ್ಮ ಹೇಳಿದ ಒಂದು ಮಾತು ತಲೆಯಲ್ಲಿ ಉಳಿಯಿತು. ಬಿಡದೆ ಹಿಡಿದಿದ್ದೆ ಎಂಬ ಮಾತು. ಅದು ನಿಜ.

ಆಲಂಕಾರಿನಿಂದ ಗುತ್ತಿಗಾರಿಗೆ ಮರಳುವ ಬದಲು ಪುತ್ತೂರಿನ ಬಸ್ಸು ಹತ್ತಿದೆ. ಲೇಡಿ ಡಾಕ್ಟರ ಕೋಣೆಗೆ ಹೋಗಿ ನಿಂತು, "ಡಾಕ್ಟ್ರೇ, ನಾನು ಕೆಲಸ ಬಿಡ್ತೇನೆ" ಎಂದೆ.

ಅವರು ರೋಗಿಗಳನ್ನೆಲ್ಲ ಹೊರಗೆ ಕೂರಿಸಿ ಬಾಗಿಲು ಹಾಕಿದರು. ನನಗೆ ಆಗುತ್ತಿದ್ದುದನ್ನೆಲ್ಲ ಹೇಳಿದೆ. ಮಾತು ಕಡಿಮೆಯ ಹೆಂಗಸು. ಕೇಳಿದ ಪ್ರಶ್ನೆಗಳೂ ಚಿಕ್ಕವು.

"ಈ ಕೈ ಯಾರದ್ದು?"

"ನನ್ನದು."

"ಮತ್ತೆ ನನ್ನದಲ್ಲ ಅಂತೀಯಲ್ಲ?"

"ನನ್ನದು ಅಂತ ಗೊತ್ತುಂಟು. ಅನಿಸುದಿಲ್ಲ."

"ಯಾರಾದರೂ ಬೇರೆಯವರು ಆ ಕೈ ಆಡಿಸ್ತಾ ಇದ್ದಾರೆ ಅಂತ ಉಂಟಾ? ಮಾತು ಕೇಳಿಸ್ತದಾ?"

"ಇಲ್ಲ."

"ಅಂಗಳ ಚಿತ್ರದ ಹಾಗೆ ಕಾಣ್ತದೆ ಅಂದೆ. ನಿಜವಾಗಿ ಚಿತ್ರವಾ?"

"ಅಲ್ಲ ಡಾಕ್ಟ್ರೇ. ಅಂಗಳವೇ. ನನಗೆ ಹಾಗೆ ಕಾಣುದು."

ಅವರು ಪೆನ್ನು ಮುಚ್ಚಿಟ್ಟರು. "ಇದು ಮರುಳಲ್ಲ. ಮರುಳಾದವರಿಗೆ ಈ ವ್ಯತ್ಯಾಸ ಹೇಳಲಿಕ್ಕೆ ಆಗುದಿಲ್ಲ. ಇದಕ್ಕೆ ಇಂಗ್ಲಿಷಿನಲ್ಲಿ ಒಂದು ಉದ್ದದ ಹೆಸರು ಉಂಟು, ನಾನು ಕಾಲೇಜಿನಲ್ಲಿ ಓದಿದ್ದೆ, ರೋಗಿಯನ್ನು ನೋಡುದು ಇದೇ ಮೊದಲು. ಔಷಧಿ ನನಗೆ ಗೊತ್ತಿಲ್ಲ. ಒಂದು ಕೇಳ್ತೇನೆ. ಆ ದಿನ ಜೀಪಿನಲ್ಲಿ ಕೈ ತೆಗಿ ಅಂತ ನಾನು ಎಷ್ಟು ಸಲ ಹೇಳಿದೆ?"

"ಒಂದು ಸಲ."

"ನಾಲ್ಕು ಸಲ. ಕಡೆಗೆ ನಾನು ಮತ್ತೆ ವಾರ್ಡ್ ಬಾಯ್ ಸೇರಿ ನಿನ್ನ ಬೆರಳು ಒಂದೊಂದೇ ಬಿಡಿಸಿದ್ದು."

ನನಗೆ ಅದರ ನೆನಪೇ ಇರಲಿಲ್ಲ. ಈಗಲೂ ಇಲ್ಲ.

"ಕೆಲಸ ಬಿಡುದು ಆಮೇಲೆ ನೋಡುವ" ಎಂದರು. "ನಿನಗೆ ಹೇಗೆ ಅನಿಸ್ತದೆ ಅನ್ನುದು ಒಂದು. ಕೈ ಹೇಗೆ ಕೆಲಸ ಮಾಡ್ತದೆ ಅನ್ನುದು ಇನ್ನೊಂದು. ಎರಡನೆಯದನ್ನು ನಾನು ಪರೀಕ್ಷೆ ಮಾಡಬಹುದು."

ಹಾಗೆ ಎರಡು ವಾರ ಅವರ ವಾರ್ಡಿನಲ್ಲಿ ಇದ್ದೆ. ಪ್ರತಿ ಹೆರಿಗೆಯನ್ನೂ ನಾನು ಮಾಡಬೇಕು, ಅವರು ಗೋಡೆಗೆ ಒರಗಿ ನೋಡಬೇಕು. ಹೊಟ್ಟೆಯ ಮೇಲೆ ಕೈಯಿಟ್ಟು ತಲೆ ಎಲ್ಲಿದೆ, ಬೆನ್ನು ಯಾವ ಕಡೆ ಎಂದು ನಾನು ಹೇಳಿದ ಮೇಲೆ ಅವರು ಕೈಯಿಟ್ಟು ನೋಡುತ್ತಿದ್ದರು. ಕೊಳವೆ ಇಟ್ಟು ಮಗುವಿನ ಎದೆಬಡಿತ ಎಣಿಸಿದರೆ ಅವರೂ ಎಣಿಸುತ್ತಿದ್ದರು. ಹೊಲಿಗೆ ಹಾಕಿಸಿದರು, ಇಂಜೆಕ್ಷನ್ ತುಂಬಿಸಿದರು. ಒಂದು ಸಲವೂ ನನ್ನ ಲೆಕ್ಕ ತಪ್ಪಲಿಲ್ಲ. ಕೊನೆಯ ದಿನ, "ಕೈಯಲ್ಲಿ ದೋಷ ಇಲ್ಲ. ವಾಪಸು ಹೋಗು. ರಾತ್ರಿ ಸರಿಯಾಗಿ ನಿದ್ದೆ ಮಾಡು, ಆ ಕನ್ನಡಿ ಸೂಜಿ ಪರೀಕ್ಷೆ ಎಲ್ಲ ಬಿಡು. ಗಾಯ ಕೆರೆದ ಹಾಗೆ ಅದು" ಎಂದರು.

ಇಷ್ಟಕ್ಕೇ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಕನ್ನಡಿಯನ್ನು ಗೋಡೆಗೆ ಮುಖ ಮಾಡಿ ತೂಗುಹಾಕಿದೆ. ಭಯ ಅರ್ಧಕ್ಕೆ ಇಳಿಯಿತು. ಅನುಭವ ಮಾತ್ರ ಹೋಗಲಿಲ್ಲ. ವಾಪಸು ಬಂದ ಕೆಲವೇ ದಿನಗಳಲ್ಲಿ ಒಂದು ಮನೆಯಲ್ಲಿ ಹೆರಿಗೆಗೆ ಕಾಯುತ್ತಾ ಕೂತಿದ್ದೆ. ನೋವು ನಿಧಾನ, ಮಾಡಲಿಕ್ಕೆ ಏನೂ ಇರಲಿಲ್ಲ. ಮಲಗಿದ್ದ ಹೆಂಗಸು ಇದ್ದಕ್ಕಿದ್ದಂತೆ ನನ್ನ ಮೊಣಕೈ ಹಿಡಿದು, "ನರ್ಸಮ್ಮ, ನೀವು ಎಲ್ಲಿದ್ದೀರಿ? ನನ್ನನ್ನು ನೋಡ್ತಾ ಇಲ್ಲ ನೀವು" ಎಂದಳು. ಅವಳು ಮೊದಲೇ ಎರಡು ಸಲ ಕರೆದಿದ್ದಳಂತೆ. ನನಗೆ ಕೇಳಿಸಿತ್ತು. ಕರೆದದ್ದು ನನ್ನನ್ನೇ ಎಂದು ಹೊಳೆದಿರಲಿಲ್ಲ.

ಆ ಹೆರಿಗೆಗೂ ತೊಂದರೆ ಆಗಲಿಲ್ಲ. ಆದರೆ ದಾರಿಯುದ್ದಕ್ಕೂ ಆ ಪ್ರಶ್ನೆಯನ್ನೇ ಯೋಚಿಸುತ್ತಾ ಬಂದೆ. ಡಾಕ್ಟರ ಪರೀಕ್ಷೆಯಲ್ಲಿ ಒಂದು ಸಂಗತಿ ಬಿಟ್ಟುಹೋಗಿತ್ತು. ವಾರ್ಡಿನಲ್ಲಿ ನಾನು ಸದಾ ಏನಾದರೂ ಮಾಡುತ್ತಿದ್ದೆ, ಅವರಿಗೆ ಉತ್ತರ ಕೊಡುತ್ತಿದ್ದೆ. ಮಾಡುವಾಗ, ಮಾತಾಡುವಾಗ ನಾನು ಕೆಲಸದಲ್ಲೇ ಇರುತ್ತಿದ್ದೆ. ಸುಮ್ಮನೆ ಕಾಯುವಾಗ ಜಾರುತ್ತಿದ್ದೆ. ಹೆರಿಗೆಯಲ್ಲಿ ಕಾಯುವುದೇ ಹೆಚ್ಚು.

ಅಲ್ಲಿಂದ ಒಂದು ಕ್ರಮ ಇಟ್ಟುಕೊಂಡೆ. ಬಾಯಿಬಿಟ್ಟು ಕೆಲಸ ಮಾಡುವುದು. "ಈಗ ಕೈ ಇಡ್ತೇನೆ ಅಕ್ಕ. ಹೊಟ್ಟೆ ಮೆತ್ತಗೆ ಉಂಟು. ಈಗ ನೋವು ಬರ್ತಾ ಉಂಟು, ಗಟ್ಟಿ ಆಗ್ತಾ ಉಂಟು. ಈಗ ಬಿಸಿನೀರು ತೆಗೊಳ್ತೇನೆ." ಹೆಂಗಸರಿಗೆ ಇದು ಇಷ್ಟವಾಯಿತು. ತಮಗೆ ವಿವರಿಸುತ್ತಿದ್ದೇನೆ ಎಂದುಕೊಂಡರು. ಒಳ್ಳೆಯ ಮಾತುಗಾರ್ತಿ ನರ್ಸಮ್ಮ ಎಂಬ ಹೆಸರೂ ಬಂತು. ಕಾರಣ ಯಾರಿಗೂ ಹೇಳಲಿಲ್ಲ. ಮಳೆಗಾಲ ಮುಗಿಯುವವರೆಗೆ ಹಾಗೆಯೇ ನಡೆಯಿತು.

ಆ ಮಳೆಗಾಲದ ಕೊನೆಗೆ ಒಂದು ಗೌಡರ ಮನೆಯ ಸೊಸೆಯನ್ನು ಪರೀಕ್ಷಿಸಿದ್ದೆ. ಅವಳಿಗೆ ಎರಡನೆಯ ಹೆರಿಗೆ. ಮಗುವಿನ ತಲೆ ಮೇಲೆ, ಪಕ್ಕೆಲುಬಿನ ಕೆಳಗೆ ಗಟ್ಟಿ ಚೆಂಡಿನ ಹಾಗೆ ಸಿಕ್ಕಿತು. ಕುಂಡೆ ಕೆಳಗೆ. ಇಂಥದ್ದನ್ನು ಆಸ್ಪತ್ರೆಯಲ್ಲೇ ಮಾಡಿಸಬೇಕು. ಅವಳ ಅತ್ತೆಗೆ ಹೇಳಿದೆ. ಅವರು ಹಟ ಮಾಡಲಿಲ್ಲ. ದಿನ ತುಂಬುವ ಮೊದಲೇ ಪುತ್ತೂರಿನಲ್ಲಿ ಸಂಬಂಧಿಕರ ಮನೆಗೆ ಕಳಿಸುವುದೆಂದು ನಿಶ್ಚಯವೂ ಆಯಿತು. ಆದರೆ ನೋವು ಎರಡು ವಾರ ಮುಂಚೆಯೇ ಬಂತು. ಹಗಲು ಹನ್ನೊಂದರ ಹೊತ್ತಿಗೆ ಆಳು ಓಡಿಬಂದ. ನಾನು ಹೋಗಿ ತಲುಪಿದಾಗ ನೀರು ಹೋಗಿ ಆಗಿತ್ತು. ಕೈ ತೊಳೆದು ನೋಡಿದೆ. ಗರ್ಭಕೋಶದ ಬಾಯಿ ಪೂರ್ತಿ ತೆರೆದಿತ್ತು, ಕುಂಡೆ ಇಳಿದು ಕೂತಿತ್ತು. ಇವಳನ್ನು ಇನ್ನು ಯಾವ ವಾಹನಕ್ಕೂ ಹತ್ತಿಸುವ ಹಾಗಿರಲಿಲ್ಲ. ದಾರಿಯಲ್ಲಿ ಹೆರುವುದಕ್ಕಿಂತ ಮನೆಯೇ ಮೇಲು.

ಕುಂಡೆ ಮುಂದಾದ ಹೆರಿಗೆಯನ್ನು ನಾನು ತರಬೇತಿಯಲ್ಲಿ ಮಾಡಿದ್ದೆ, ಒಬ್ಬಳೇ ಮಾಡಿರಲಿಲ್ಲ. ಅದರ ಕ್ರಮ ಬಾಯಿಪಾಠವಿತ್ತು. ಅದರಲ್ಲಿ ಮುಖ್ಯವಾದದ್ದು ಕೈ ಹಾಕದಿರುವುದು. ಮೈ ತಾನಾಗಿ ಬರಬೇಕು. ಎಳೆದರೆ ಮಗುವಿನ ಕೈಗಳು ಮೇಲೆ ಹೋಗುತ್ತವೆ, ಗದ್ದ ಎತ್ತಿಕೊಳ್ಳುತ್ತದೆ, ತಲೆ ಸಿಕ್ಕಿಕೊಳ್ಳುತ್ತದೆ. ಕೊನೆಗೆ ಮೈಯೆಲ್ಲ ಹೊರಬಂದು ತಲೆ ಮಾತ್ರ ಒಳಗಿರುವಾಗ, ಮಗುವನ್ನು ಅದರದೇ ಭಾರಕ್ಕೆ ನೇತಾಡಲು ಬಿಟ್ಟು ಕಾಯಬೇಕು. ಕತ್ತಿನ ಹಿಂಭಾಗದ ಕೂದಲಂಚು ಕಂಡ ಕೂಡಲೇ ತಲೆಯನ್ನು ಹೊರಡಿಸಬೇಕು. ಮೊದಲೂ ಅಲ್ಲ, ತಡವಾಗಿಯೂ ಅಲ್ಲ. ತಡವಾದರೆ ಮಗುವಿಗೆ ಉಸಿರಿಲ್ಲ.

ಅಂದರೆ ಅತ್ಯಂತ ಅಪಾಯದ ಗಳಿಗೆಯಲ್ಲೇ ನಾನು ಕೈಕಟ್ಟಿ ಕಾಯಬೇಕಿತ್ತು.

ಸ್ಟೌ ಮೇಲೆ ಕತ್ತರಿ, ದಾರ ಕುದಿಯುತ್ತಿದ್ದವು. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಐವತ್ತು ದಾಟಿದ, ನೆಟ್ಟಗಿನ ಹೆಂಗಸು. ತಮ್ಮೊಳಗೆ ಮನೆಮಾತಾದ ಅರೆಭಾಷೆಯಲ್ಲಿ ಮಾತಾಡುತ್ತಿದ್ದವರು ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು, "ಎಂತ ನರ್ಸಮ್ಮ, ಆಗ್ತದಾ?"

ಆಗ್ತದೆ ಎಂದಷ್ಟೇ ಹೇಳಿ ಬಾಗಿಲು ಹಾಕಬಹುದಿತ್ತು. ಆವರೆಗೆ ಹಾಗೆಯೇ ಮಾಡಿಕೊಂಡು ಬಂದಿದ್ದೆ. ಆ ದಿನ ಹಾಗೆ ಮಾಡಲಿಲ್ಲ. ಅವರನ್ನು ಹಿತ್ತಿಲ ಕಡೆ ಕರೆದುಕೊಂಡು ಹೋದೆ.

"ಅಮ್ಮ, ಈ ಕೆಲಸ ನನಗೆ ಬರ್ತದೆ. ಆದರೆ ನನಗೊಂದು ಕಾಯಿಲೆ ಉಂಟು. ಸುಮ್ಮನೆ ಇದ್ದರೆ ನಾನು ಇಲ್ಲಿ ಇಲ್ಲದವಳ ಹಾಗೆ ಆಗ್ತೇನೆ. ಕಣ್ಣು ತೆರೆದೇ ಇರ್ತದೆ, ಆದರೆ ನಾನು ದೂರ ಹೋಗಿರ್ತೇನೆ. ಅದಕ್ಕೇ ಮಾತಾಡ್ತಾ ಮಾತಾಡ್ತಾ ಕೆಲಸ ಮಾಡುದು. ನಾನು ಮಾತು ನಿಲ್ಲಿಸಿದರೆ ನೀವು ನನ್ನನ್ನು ಕರೀಬೇಕು. ಹೆಗಲು ಮುಟ್ಟಿ ಕರೀಬೇಕು. ಉತ್ತರ ಕೊಡುವವರೆಗೆ ಬಿಡಬಾರದು."

ಅವರು ನನ್ನ ಮುಖವನ್ನೇ ನೋಡಿದರು. ಕೊನೆಗೆ, "ಕೈ ನಡುಗುದುಂಟಾ?" ಎಂದು ಕೇಳಿದರು.

"ಇಲ್ಲ."

"ತಲೆ ತಿರುಗಿ ಬೀಳುದುಂಟಾ?"

"ಇಲ್ಲ."

"ಮತ್ತೆಂತ? ಕರೀತೇನೆ. ಬನ್ನಿ, ಅವಳು ಒಳಗೆ ಒಬ್ಬಳೇ ಇದ್ದಾಳೆ."

ಸೊಸೆಯನ್ನು ಮಂಚಕ್ಕೆ ಅಡ್ಡಲಾಗಿ, ಸೊಂಟ ಅಂಚಿಗೆ ಬರುವಂತೆ ಮಲಗಿಸಿದೆವು. ಒಂದು ಕಾಲನ್ನು ಅತ್ತೆ ಹಿಡಿದರು, ಇನ್ನೊಂದನ್ನು ಅವರು ಒಳಗೆ ಕರೆದ ನಾದಿನಿ. ನಾನು ಕೆಳಗೆ ಮಣೆಯ ಮೇಲೆ ಕೂತೆ. ಕಿಟಕಿಯಿಂದ ಬಿಸಿಲು ಸರಿಯಾಗಿ ಬೀಳುತ್ತಿತ್ತು. ಮಾತು ಶುರುಮಾಡಿದೆ.

"ಈಗ ನೋವು ಬರ್ತಾ ಉಂಟು, ಮುಕ್ಕು ಅಕ್ಕ, ಬಲ ಹಾಕು. ಕುಂಡೆ ಕಾಣ್ತಾ ಉಂಟು. ನಾನು ಮುಟ್ಟುದಿಲ್ಲ. ಇನ್ನೊಮ್ಮೆ. ಬಂತು. ಕಾಲು ಬಿಡಿಸ್ತಾ ಇದ್ದೇನೆ. ಒಂದು ಕಾಲು. ಎರಡೂ ಬಂತು. ಗಂಡು ಮಗು. ಹೊಕ್ಕುಳು ಕಾಣ್ತಾ ಉಂಟು. ಬಳ್ಳಿ ಸ್ವಲ್ಪ ಇಳಿಸ್ತೇನೆ, ಬಿಗಿಯಬಾರದು. ಬಡಿತ ಉಂಟು. ಚೆನ್ನಾಗಿ ಉಂಟು."

ಬೆಚ್ಚಗಿನ ಬಟ್ಟೆ ಸುತ್ತಿ, ಸೊಂಟದ ಎಲುಬಿಗೆ ಹೆಬ್ಬೆರಳು ಬರುವಂತೆ ಹಿಡಿದೆ. ಹೊಟ್ಟೆಗೆ ಒತ್ತು ಬೀಳಬಾರದು. ಮುಂದಿನ ನೋವಿಗೆ ಭುಜದ ಎಲುಬಿನ ತುದಿ ಕಂಡಿತು, ಆದರೆ ಕೈಗಳು ಕಾಣಲಿಲ್ಲ. ಎರಡೂ ಮೇಲೆ ಹೋಗಿದ್ದವು. ಎಳೆಯದೆಯೂ ಹೀಗಾಗುವುದುಂಟು.

ಆಗ ಅದು ಬಂತು. ಅಷ್ಟು ಜೋರಾಗಿ ಹಿಂದೆಂದೂ ಬಂದಿರಲಿಲ್ಲ. ಮಣೆಯ ಮೇಲೆ ಕೂತ ಹೆಂಗಸು, ಅವಳ ಕೈಯ ಬಟ್ಟೆ, ಕಿಟಕಿಯ ಬಿಸಿಲು, ಎಲ್ಲವೂ ದೂರದಲ್ಲಿ ಚಿಕ್ಕದಾಗಿ ಕಂಡವು. ಆದರೂ ಆ ಹೆಂಗಸು ಮಾತಾಡುತ್ತಿದ್ದಳು. "ಕೈ ಮೇಲೆ ಉಂಟು. ತಿರುಗಿಸಬೇಕು. ಬೆನ್ನು ಮೇಲೆ ಇಟ್ಟು ಅರ್ಧ ಸುತ್ತು." ಕೈಗಳು ತಿರುಗಿಸಿದವು. ಮಗುವಿನ ಒಂದು ಭುಜ ತಾಯಿಯ ಎಲುಬಿನ ಕೆಳಗೆ ಜಾರಿತು. "ಮೊಣಕೈ ಸಿಕ್ಕಿತು. ಎದೆಯ ಮೇಲಿಂದ ಇಳಿಸ್ತೇನೆ. ಒಂದು ಕೈ ಬಂತು. ಈಗ ವಾಪಸು ಅರ್ಧ ಸುತ್ತು." ಎರಡನೆಯ ಕೈಯೂ ಬಂತು.

"ಈಗ ಬಿಡ್ತೇನೆ. ನೇತಾಡಲಿ."

ಅಲ್ಲಿಗೆ ಹೇಳುವ ಮಾತು ಮುಗಿಯಿತು. ಮಗು ನೇತಾಡುತ್ತಿತ್ತು, ನಾನು ನೋಡುತ್ತಿದ್ದೆ. ನೋಡುತ್ತಿದ್ದೆ ಎಂಬುದೂ ಪೂರ್ತಿ ಸರಿಯಲ್ಲ. ಬಿಸಿಲಿನಲ್ಲಿ ಏನೋ ಒಂದು ತೂಗುತ್ತಿತ್ತು. ಅದಕ್ಕೂ ನನಗೂ ಸಂಬಂಧವಿದೆ ಎಂದು ಅನಿಸುತ್ತಿರಲಿಲ್ಲ. ಆ ಮೌನ ಎಷ್ಟು ಶಾಂತವಾಗಿತ್ತೆಂದರೆ, ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ.

ಹೆಗಲ ಮೇಲೆ ಒಂದು ಕೈ ಗಟ್ಟಿಯಾಗಿ ಬಿತ್ತು.

"ನರ್ಸಮ್ಮ. ಮಾತಾಡಿ."

ಅತ್ತೆ ಬಿಡಲಿಲ್ಲ. ಹೆಗಲನ್ನು ಹಿಡಿದು ಅಲುಗಿಸಿದರು. "ನರ್ಸಮ್ಮ! ಎಂತ ಕಾಣ್ತಾ ಉಂಟು ಹೇಳಿ!"

ಎಂತ ಕಾಣುತ್ತಿದೆ ಎಂದು ನೋಡಿದೆ. "ಕೂದಲು" ಎಂದೆ. "ಕೂದಲಂಚು ಕಾಣ್ತಾ ಉಂಟು." ಅಷ್ಟು ಹೇಳಿದ ಕೂಡಲೇ ಮುಂದಿನದು ತಾನಾಗಿ ಬಾಯಿಗೆ ಬಂತು. "ಕಣಕಾಲು ಹಿಡೀತೇನೆ. ಸ್ವಲ್ಪ ಬಿಗಿ ಹಿಡಿದು ಮೇಲೆ ಎತ್ತುದು, ಅಮ್ಮನ ಹೊಟ್ಟೆಯ ಕಡೆ. ಗದ್ದ ಬಂತು. ಬಾಯಿ ಬಂತು. ಬಾಯಿ ಒರೆಸ್ತೇನೆ. ಅಕ್ಕ, ಈಗ ಮುಕ್ಕಬೇಡ. ಬಾಯಿ ತೆರೆದು ಉಸಿರಾಡು. ನಿಧಾನ. ನಿಧಾನ." ತಲೆ ಹೊರಬಂತು.

ಮಗು ನೀಲಿಯಾಗಿತ್ತು, ಮೆತ್ತಗಿತ್ತು. ಗಂಟಲಿನ ಲೋಳೆಯನ್ನು ಕೊಳವೆಯಿಂದ ಹೀರಿ ತೆಗೆದೆ, ಬೆನ್ನು ಉಜ್ಜಿದೆ, ಬಾಯಿಗೆ ಬಾಯಿಟ್ಟು ಕೆನ್ನೆಯಲ್ಲಿರುವಷ್ಟೇ ಗಾಳಿಯನ್ನು ಊದಿದೆ. ಅದನ್ನೂ ಹೇಳುತ್ತಲೇ ಮಾಡಿದೆ. ಒಮ್ಮೆ ಬಿಕ್ಕಿತು. ಮತ್ತೆ ಊದಿದೆ. ಕಾಲು ಒಳಸೆಳೆದುಕೊಂಡು ಕೂಗಿತು. ಮಂಚದ ಮೇಲಿನವಳು ಅಳಲು ಶುರುಮಾಡಿದಳು. ನಾದಿನಿಯೂ ಅತ್ತಳು. ಅತ್ತೆ ಮಾತ್ರ ನನ್ನ ಹೆಗಲು ಬಿಡದೆ, "ಮುಂದೆ ಎಂತ? ಹೇಳ್ತಾ ಇರಿ" ಎಂದರು.

ಮುಂದೆ ಕಸ ಬೀಳಬೇಕಿತ್ತು. ಇಂಜೆಕ್ಷನ್ ಕೊಟ್ಟೆ. ಕಸ ಬಿತ್ತು. ಗರ್ಭಕೋಶದ ಮೇಲೆ ಕೈಯಿಟ್ಟೆ. ಕೈಯಡಿಯಲ್ಲಿ ಅದು ಗಟ್ಟಿಯಾಯಿತು. "ಗಟ್ಟಿ ಆಯ್ತು" ಎಂದೆ. ಸ್ವಲ್ಪ ಹೊತ್ತು ಇಟ್ಟುಕೊಂಡು, "ಈಗ ಕೈ ತೆಗೀತೇನೆ" ಎಂದು ಹೇಳಿ ತೆಗೆದೆ.

ಕೇಂದ್ರಕ್ಕೆ ನಡೆದು ಬರುವಾಗ ನನಗೆ ಸಂತೋಷವಾಗಲಿಲ್ಲ. ಸಂತೋಷವಾಗಬೇಕಾದ ಕಡೆ ಬರೀ ಖಾಲಿ. ಇದನ್ನು ಮುಚ್ಚಿಡುವುದಿಲ್ಲ, ಯಾಕೆಂದರೆ ಈ ಕಾಯಿಲೆ ಇರುವ ಬೇರೆಯವರಿಗೂ ಹೀಗಾಗುತ್ತಿರಬಹುದು. ಆದರೆ ಕೆಲಸ ಚೆನ್ನಾಗಿ ಆಯಿತು ಎಂಬುದು ಸ್ಪಷ್ಟವಾಗಿ ಗೊತ್ತಿತ್ತು. ಅಲ್ಲಿಯವರೆಗೆ, ಮೊದಲು ಇದು ಗುಣವಾಗಲಿ, ಆಮೇಲೆ ಬದುಕು ಎಂದು ಕಾಯುತ್ತಿದ್ದೆ. ಆ ದಾರಿಯಲ್ಲಿ ಕಾಯುವುದನ್ನು ಬಿಟ್ಟೆ. ಸಂಜೆ ಗಂಜಿಗೆ ಕೂತಾಗ ಆಯಾಳಿಗೂ ಎಲ್ಲ ಹೇಳಿದೆ. ಅವಳು ಉಪ್ಪಿನಕಾಯಿ ನೆಕ್ಕುತ್ತಾ ಕೇಳಿ, "ಇಷ್ಟೆಯಾ? ನಾನು ನಿಮಗೆ ಯಾರದ್ದೋ ಮೇಲೆ ಮನಸ್ಸಾಗಿದೆ ಅಂತ ಎಣಿಸಿದ್ದೆ" ಎಂದಳು.

ಆಮೇಲಿನ ವರ್ಷಗಳಲ್ಲಿ ಅದು ತೆಳುವಾಯಿತು, ಪೂರ್ತಿ ಹೋಗಲಿಲ್ಲ. ಕೆಲವು ತಿಂಗಳು ಇರುತ್ತಿರಲಿಲ್ಲ, ನಿದ್ದೆಗೆಟ್ಟರೆ ಮರಳುತ್ತಿತ್ತು. ಕಷ್ಟದ ಹೆರಿಗೆ ಇದ್ದಲ್ಲೆಲ್ಲ ಮನೆಯ ಹಿರಿಯ ಹೆಂಗಸಿಗೆ ಮೊದಲೇ ಹೇಳಿಬಿಡುತ್ತಿದ್ದೆ. ನನಗೆ ಭಯವಿದ್ದ ಹಾಗೆ ಯಾರೂ ಹೆರಿಗೆಗೆ ಕರೆಯುವುದನ್ನು ನಿಲ್ಲಿಸಲಿಲ್ಲ.

ಆ ಮಗುವನ್ನು ನೋಡಲು ಒಂದು ವಾರದ ಮೇಲೆ ಹೋಗಿದ್ದೆ. ಹೊಕ್ಕುಳ ಬಳ್ಳಿ ಒಣಗಿ ಬಿದ್ದಿತ್ತು. ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದೆ. ಅಭ್ಯಾಸದಂತೆ ಬಾಯಿಯಲ್ಲಿ ಹೇಳುತ್ತಲೂ ಇದ್ದೆ. ನಡುವೆ ಅದು ನೆಟ್ಟಗೆ ನನ್ನ ಮುಂಗೈ ಮೇಲೆ ಮೂತ್ರ ಮಾಡಿತು. ನಾನು ಥಟ್ಟನೆ ಕೈ ಹಿಂದಕ್ಕೆಳೆದುಕೊಂಡು, "ಅಯ್ಯೋ, ನನ್ನ ಕೈ!" ಎಂದು ಕೂಗಿಬಿಟ್ಟೆ.

ಅತ್ತೆ ಅಡುಗೆಮನೆಯಿಂದ ಬಂದು ನೋಡಿದರು. "ಎಂತ ಆಯ್ತು ನರ್ಸಮ್ಮ, ಯಾಕೆ ಅಳುದು? ನೀರು ತರ್ತೇನೆ, ತೊಳೆದರೆ ಹೋಯ್ತು."

"ಬೇಡ ಅಮ್ಮ" ಎಂದೆ. "ಸ್ವಲ್ಪ ಹೊತ್ತು ಇರಲಿ. ಬಿಸಿ ಉಂಟು."